ಇನ್ನೂರ ಹನ್ನೆರಡು

ಬಿಳಿ ಬಣ್ಣದ ಡಬ್ಬಿ, ಸಣ್ಣದೊಂದು ಕುಂಚ,
ಕಲ್ಲಿಗೊಂದು ಅಂಕಿ. ನನ್ನ ಕೆಲಸ ಇಷ್ಟೇ.
ಯುನ್ ತಾಮ್ ವಾಯ್, ಕೌಲೂನಿನ ಅಂಚಿನ ಕೋಟೆಯೂರು.
ಕೋಟೆ ಎಂದೆನೆಂದು ನಗಬೇಡಿ:
ಮೂರು ಕಡೆಯ ಗೋಡೆ ಯಾವಾಗಲೋ ಕರಗಿ
ತಗಡಿನ ಮಾಡಾಗಿದೆ, ಬಟ್ಟೆ ಒಣಹಾಕುವ ಬಿದಿರಾಗಿದೆ.
ಉಳಿದದ್ದು ಹೆಬ್ಬಾಗಿಲು,
ಅಲ್ಲಿಂದ ಗುಡಿಯವರೆಗೆ ನೂಲು ಹಿಡಿದಂತೆ ಒಂದು ಓಣಿ,
ಹೆಣದ ಪೆಟ್ಟಿಗೆ ಹೊತ್ತವರು
ಭುಜ ಓರೆ ಮಾಡಿಯೇ ನಡೆಯಬೇಕಾದಷ್ಟು ಅಗಲ.

ಯೋಜನೆ ಹೀಗಿದೆ:
ಬಾಗಿಲು ಇರುತ್ತದೆ. ಗುಡಿ ಇರುತ್ತದೆ. ಓಣಿಯೂ.
ಉಳಿದುದರ ಮೇಲೆ ಎರಡು ಗೋಪುರ, ನಲವತ್ತೊಂದು ಮಹಡಿ.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ನಕ್ಷೆಯಲ್ಲಿ ಅಲ್ಲಲ್ಲಿ ಹಸಿರು ವೃತ್ತ.
ಅವು ಮರಗಳಂತೆ. ಜನ ಎಲ್ಲಿ ಎಂದು
ನಾನು ಕೇಳಲಿಲ್ಲ, ಕೇಳುವ ಸಂಬಳ ನನ್ನದಲ್ಲ.

ಬಾಗಿಲ ಮೆಟ್ಟಿಲ ಎಡತುದಿಯ ಕಲ್ಲು
ಇನ್ನೂರ ಹನ್ನೆರಡು.
ಅದರ ನಡುವೆ ತಗ್ಗು,
ಮಗು ಗಲ್ಲ ಊರಿ ಮಲಗಿ ಎದ್ದಂತೆ.
ವರದಿಯ ಪಂಡಿತರು ಬರೆದಿದ್ದಾರೆ:
ಅಲಂಕಾರದ ಕೆತ್ತನೆ, ಉದ್ದೇಶ ತಿಳಿಯದು.

'ಅಲಂಕಾರವೇ?' ಎಂದಳು ಲಾಯ್ ಯೂಕ್-ಹಿಂಗ್.
ಬಾತುಕೋಳಿ ಸುಟ್ಟು ಮಾರುವವಳು, ಎಪ್ಪತ್ತಾರು ವರ್ಷ,
ಕೈಯಲ್ಲಿ ಅಗಲ ಮಚ್ಚು.
ಮೊದಲು ಅತ್ತೆ ಮಸೆದಳು, ಆಮೇಲೆ ಗಂಡ,
ಅವನು ಹೋದ ಮರುದಿನದಿಂದ ನಾನು.
ದಿನಕ್ಕೆ ಎರಡು ಹೊತ್ತು, ಒಂದಿಷ್ಟು ನೀರು ಚಿಮುಕಿಸಿ.
ಮಳೆಗಾಲದಲ್ಲಿ ಅದೂ ಬೇಡ.

ವಿಮಾನಗಳು ಮಾಡಿಗೆ ಹೊಟ್ಟೆ ತಾಗಿಸಿದಂತೆ
ಇಳಿಯುತ್ತಿದ್ದ ಕಾಲದಲ್ಲಿ
ಮಾತು ಅರ್ಧಕ್ಕೆ ನಿಲ್ಲಿಸಿ, ಮಚ್ಚು ಎತ್ತಿ ಹಿಡಿದು ಕಾದು,
ಸದ್ದು ದಾಟಿದ ಮೇಲೆ ಬಿಟ್ಟ ಪದದಿಂದಲೇ
ಮುಂದುವರಿಸುತ್ತಿದ್ದಳಂತೆ.
ಆ ವಿಮಾನ ನಿಲ್ದಾಣ ಮುಚ್ಚಿ ಎಷ್ಟೋ ಕಾಲವಾಯಿತು.
ಈಗಲೂ ನಡುವೆ ನಿಲ್ಲಿಸುತ್ತಾಳೆ,
ಆಕಾಶದಲ್ಲಿ ಏನೂ ಇಲ್ಲ.

ಊರು ಮೋಕ್ ಮನೆತನದ್ದು.
ಹತ್ತು ವರ್ಷಕ್ಕೊಮ್ಮೆ ಹಬ್ಬ; ಗುಡಿಯ ಮುಂದೆ
ಕೆಂಪು ಕಾಗದದ ಉದ್ದ ಪಟ್ಟಿ,
ಬದುಕಿರುವ ಮೋಕ್‌ಗಳ ಹೆಸರೆಲ್ಲ ಅದರಲ್ಲಿ,
ಹುಂಜದ ಜುಟ್ಟಿನ ನೆತ್ತರ ಚುಕ್ಕೆ ಇಟ್ಟರೆ
ದೇವರ ಲೆಕ್ಕಕ್ಕೆ ಸೇರಿದಂತೆ.
ಐದು ಹಬ್ಬಕ್ಕೆ ಪಾತ್ರೆ ತೊಳೆದಿದ್ದೇನೆ, ಎಂದಳು,
ಪಟ್ಟಿ ಅಂಟಿಸಲು ಗೋಂದು ಕಾಯಿಸಿದ್ದೂ ನಾನೇ.
ನಾವು ಬಾಡಿಗೆಯವರು ನೋಡು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಪರಿಹಾರದ ಪಟ್ಟಿಯ ಕಾಗದ ಬಿಳಿ. ಬೇರೆ ವ್ಯತ್ಯಾಸ
ನನಗೆ ಕಾಣಲಿಲ್ಲ.

ನನ್ನ ನಮೂನೆಯಲ್ಲಿ 'ಷರಾ' ಎಂಬ ಕಿರಿದಾದ ಮನೆ.
ಅಕ್ಷರ ಒತ್ತೊತ್ತಾಗಿ ತುಂಬಿದೆ:
ಮಚ್ಚು ಮಸೆದ ಗುರುತು. ಮಸೆದವರು ಲಾಯ್ ಯೂಕ್-ಹಿಂಗ್,
ಅವಳ ಗಂಡ, ಗಂಡನ ತಾಯಿ.
ತಾಯಿಯ ಹೆಸರು ಕೇಳಿದೆ. ತುಸು ಯೋಚಿಸಿ
'ಅತ್ತೆ ಎಂದೇ ಕರೆಯುತ್ತಿದ್ದೆ' ಎಂದಳು.
ಸಂಜೆಗೆ ಮೇಲಿನವರು ತಿದ್ದಿ ಕಳಿಸಿದರು:
ಸವೆತ. ಕಾಲ ಅನಿಶ್ಚಿತ.

ಕಲ್ಲು ಗಾಜಿನೊಳಗೆ ಹೋಗುತ್ತದಂತೆ,
ಕೆಳಗೆ ಹಳದಿ ದೀಪ, ಮುಟ್ಟಬಾರದು.
ಇನ್ನು ಅದರ ಸರದಿ:
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕೊನೆಯ ವಾರ. ಬೆಳಗ್ಗೆ ಆರು.
ಹಿಂದಿನ ದಿನದ ಮಳೆಗೆ ಅಳಿಸಿದ್ದನ್ನು ಆಗಷ್ಟೇ ತಿದ್ದಿದ್ದೆ,
ಬಣ್ಣ ಹಸಿ.
ಅವಳು ಬಂದು, ಕುಕ್ಕರಗಾಲಲ್ಲಿ ಕೂತು, ನೀರು ಚಿಮುಕಿಸಿ
ಮಚ್ಚು ಎಳೆಯತೊಡಗಿದಳು.
ಒಣಗಲಿ ತಡೆಯಿರಿ, ಎಂದೆ.
ಬಾತು ತಡೆಯುವುದಿಲ್ಲವಲ್ಲ, ಎಂದಳು.
ಹೋದಾಗ ಅಲಗಿಗೆ ಒಂದು ಎರಡು ಅಂಟಿತ್ತು,
ಕಲ್ಲಿನ ಮೇಲೆ ಬರೀ ಇಪ್ಪತ್ತೊಂದು.

ಅವಳನ್ನು ಕೂಗಲಿಲ್ಲ. ಡಬ್ಬಿ ತೆರೆದೆ,
ಮತ್ತೆ ಬರೆದೆ,
ಈ ಸಲ ತಗ್ಗಿನಿಂದ ಆಚೆ, ಅಂಚಿನಲ್ಲಿ,
ಸಂಜೆಯೂ ಅವಳು ಬರಬೇಕಿತ್ತು.